ದೇವಣಿಯ ಮೈಮೇಲಿನ ಮಚ್ಚೆಗಳು

ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ರೈತನು ದನ ಕೊಳ್ಳುವಾಗ ಮೊದಲು ನೋಡುವುದು ಮೈಬಣ್ಣವನ್ನು. ಇಲ್ಲಿಯ ದೇವಣಿ ತಳಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಹೆಸರಿದೆ. ಬಿಳಿಯ ಮೈಯಿದ್ದು ಮುಖದ ಇಕ್ಕೆಲಗಳಲ್ಲಿ ಕಪ್ಪಿದ್ದರೆ ವಾನೇರಾ (ವಾನರನ ನೆನಪಾಗದೆ ಇರದು!), ಮೈತುಂಬ ಕಪ್ಪು ಮಚ್ಚೆಗಳು ಚೆದುರಿದ್ದರೆ ಶೇವರಾ, ಬಹುಪಾಲು ಬಿಳಿಯಾಗಿದ್ದರೆ ಬಾಲಂಕ್ಯಾ. ತಳಿಯ ಹೆಸರು ಮಾತ್ರ ಗಡಿಯಾಚೆಯ ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನದು.

ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಹುಮನಾಬಾದ್ ಹತ್ತಿರದ ಹಳ್ಳಿಯವನು. ಮುಖ ಕೆಂಪಾಗಿತ್ತು. "ಗುರುಗಳೇ, ನಮ್ಮ ಆಕಳ ಬೆನ್ನ ಮ್ಯಾಲಿನ ಮಚ್ಚಿ ಕರದ ಮೈಮ್ಯಾಲ ಒಂದೂ ಇಲ್ಲರಿ. ಹೋರಿದೂ ಇಲ್ಲ. ನಮ್ಮ ಕಾಕಾನ ಮಗ ರೊಕ್ಕ ತಗೊಂಡು ಬ್ಯಾರೆ ಹೋರಿ ಬಿಟ್ಟಾನ್ರಿ" ಎಂದ. ಆಕಳೂ ಶೇವರಾ, ಹೋರಿಯೂ ಶೇವರಾ. ಕರುವಿನಲ್ಲಿಯೂ ಮಚ್ಚೆಗಳಿದ್ದವು, ಆದರೆ ಬೇರೆ ಜಾಗದಲ್ಲಿ. ಇಷ್ಟಕ್ಕೇ ಎರಡು ಮನೆಗಳ ನಡುವೆ ಮಾತು ನಿಂತಿತ್ತು, ಪಂಚರನ್ನು ಕೂಡಿಸುವ ಯೋಚನೆ ನಡೆದಿತ್ತು.

ಅವನಿಗೆ ನಾನು ಹೇಳಿದ್ದು ಇದು. ಮೈಯಲ್ಲಿ ಮಚ್ಚೆಯಿರಬೇಕೆಂಬುದು ತಂದೆತಾಯಿಗಳಿಂದ ಬರುತ್ತದೆ. ಬಿಳಿ ಎಷ್ಟು, ಕಪ್ಪು ಎಷ್ಟು ಎಂಬುದೂ ಸಾಕಷ್ಟು ಮಟ್ಟಿಗೆ ಬರುತ್ತದೆ. ಆದರೆ ಒಂದೊಂದು ಮಚ್ಚೆಯ ಅಂಚು ಎಲ್ಲಿ ಬೀಳಬೇಕೆಂಬುದನ್ನು ಯಾವ ಹೋರಿಯೂ ಬರೆದುಕೊಡುವುದಿಲ್ಲ. ಬಣ್ಣ ಕೊಡುವ ಕೋಶಗಳು ಭ್ರೂಣದ ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡಬೇಕು. ಅವು ತಲುಪದ ಜಾಗ ಬಿಳಿಯಾಗಿ ಉಳಿಯುತ್ತದೆ. ಈ ಪಯಣ ಪ್ರತಿ ಗರ್ಭದಲ್ಲಿಯೂ ಸ್ವಲ್ಪ ಬೇರೆ. ಒಂದೇ ಹಾಲ್‌ಸ್ಟೀನ್ ಹಸುವಿನಿಂದ ತಯಾರಿಸಿದ ತದ್ರೂಪಿ ಕರುಗಳ ಮಚ್ಚೆಗಳು ಕೂಡ ಒಂದಕ್ಕೊಂದು ಹೊಂದುವುದಿಲ್ಲ.

ಎಲ್ಲ ಗುಣಗಳೂ ಹೀಗೆ ಅಲ್ಲ. ಅಮೆರಿಕದಲ್ಲಿ 'ಹಾಲುಹಾವು' ಎಂಬುದೊಂದಿದೆ. ನಮ್ಮಲ್ಲಿ ಕೆರೆಹಾವು ಆಕಳ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎನ್ನುವಂತೆ ಅಲ್ಲಿಯೂ ಹೇಳುತ್ತಿದ್ದರು, ಎರಡೂ ಸುಳ್ಳು. ಆ ಹಾವನ್ನು ಸಾಕುವವರು ಕಪ್ಪೇ ಇಲ್ಲದ ಮರಿಗಳನ್ನು ಪಡೆಯುವುದು ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೆಕ್ಕದಂತೆಯೇ. ನೋಡಲು ಮಾಮೂಲಾಗಿದ್ದು ಆ ಗುಣವನ್ನು ಒಡಲಲ್ಲಿ ಅಡಗಿಸಿಕೊಂಡ ಜೋಡಿಗೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹಾಗೆ ಹುಟ್ಟುತ್ತದೆ.

ಹುಡುಗ ತಲೆಯಾಡಿಸಿದ. ಪಂಚಾಯಿತಿ ನಿಂತಿತು, ಮಾತು ಶುರುವಾಗಲು ಮಾತ್ರ ಮುಂದಿನ ಯುಗಾದಿಯೇ ಬರಬೇಕಾಯಿತು.

ನನ್ನನ್ನು ಕಾಡುವುದು ಬೇರೆ ಸಂಗತಿ. ಹಾಲ್‌ಸ್ಟೀನ್ ಮಿಶ್ರತಳಿಯೂ ಕಪ್ಪು-ಬಿಳುಪೇ. ಮಚ್ಚೆ ನೋಡಿ ಶೇವರಾ ಎಂದು ನಂಬಿ ಸಂತೆಯಲ್ಲಿ ದುಡ್ಡು ಕಳೆದುಕೊಂಡವರನ್ನು ಕಂಡಿದ್ದೇನೆ. ಉಬ್ಬಿದ ಅಗಲ ಹಣೆ, ಜೋಲುವ ಕಿವಿ, ಎದ್ದು ಕಾಣುವ ಹಿಣಿಲು, ಇಳಿಬಿದ್ದ ಗಂಗೆದೊಗಲು, ಇವನ್ನು ನೋಡಿಯೇ ದೇವಣಿಯನ್ನು ಕೊಳ್ಳಬೇಕು. ಗುರುತು ಹತ್ತದವರು ಭಾಲ್ಕಿ ತಾಲ್ಲೂಕಿನ ಕಟ್ಟಿ ತೂಗಾಂವದಲ್ಲಿರುವ ಪಶು ವಿಶ್ವವಿದ್ಯಾಲಯದ ದೇವಣಿ ಕೇಂದ್ರಕ್ಕೆ ಹೋಗಿ ಅಸಲು ದನಗಳನ್ನು ಒಮ್ಮೆ ಕಣ್ಣಾರೆ ನೋಡಿ ಬರಲಿ.