ಹೆಬ್ಬೆರಳಿಗೆ ರಜೆ

ಮಕ್ಕಳೇ, ನಿಮ್ಮ ಅಜ್ಜ ಈಸಿಚೇರಿನಲ್ಲಿ ಕಾಲು ಚಾಚಿ ಕುಳಿತವರು ಹಾಗೆಯೇ ರಸ್ತೆಗೆ ಹೊರಟುಬಿಟ್ಟರೆ ಹೇಗಿರುತ್ತದೆ? ನನ್ನ ಸೈಕಲ್ ಹಾಗಿದೆ. ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೆ ‘ಲಿಖ್‌ಫೀಟ್ಸ್’ ಎನ್ನುತ್ತಾರೆ, ಅಂದರೆ ಮಲಗುವ ಸೈಕಲ್. ನನ್ನದಕ್ಕೆ ಮೂರು ಚಕ್ರ. ಪೆಡಲ್ ಮುಂದೆ, ಹಿಡಿಗಳು ಸೀಟಿನ ಎರಡೂ ಪಕ್ಕ ನೆಟ್ಟಗೆ ನಿಂತಿವೆ. ಬೆನ್ನಿಗೆ ಬಲು ಸುಖ. ಸೋಮಾರಿಗಳ ಗಾಡಿ ಎಂದು ನಗಬೇಡಿ. 1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಇಂಥ ಸೈಕಲ್‌ನಲ್ಲಿ ಒಂದು ಗಂಟೆಗೆ 45 ಕಿ.ಮೀ.ಗೂ ಹೆಚ್ಚು ಓಡಿಸಿ ದಾಖಲೆ ಮುರಿದ. ಮರುವರ್ಷವೇ ಇದನ್ನು ರೇಸುಗಳಿಂದ ಹೊರಗಿಟ್ಟರು!

ಒಂದೇ ತೊಂದರೆ. ಇದರಲ್ಲಿ ಎದ್ದು ನಿಂತು ಮೈಭಾರ ಹಾಕಿ ತುಳಿಯುವಂತಿಲ್ಲ. ಏರು ಬರುವ ಮೊದಲೇ, ನಿಲ್ಲುವ ಮೊದಲೇ ಗೇರು ಇಳಿಸಬೇಕು. ಪೆಡಲ್ ತಿರುಗುತ್ತಿದ್ದರೆ ಮಾತ್ರ ಚೈನು ಹಲ್ಲಿನಿಂದ ಹಲ್ಲಿಗೆ ಹಾರುತ್ತದೆ. ನಿಂತ ಮೇಲೆ ನೆನಪಾದರೆ ಏನೂ ಪ್ರಯೋಜನವಿಲ್ಲ.

ನನ್ನ ಸೈಕಲ್‌ಗೆ ಇದ್ದದ್ದು ಹೆಬ್ಬೆರಳಿನಿಂದ ಒತ್ತುವ ಗೇರು. ನನ್ನ ಹೆಬ್ಬೆರಳಿನ ಬುಡಕ್ಕೋ ಸಂಧಿವಾತ. ಒಂದು ಶನಿವಾರ ಮೊಮ್ಮಗಳನ್ನು ಕನ್ನಡ ತರಗತಿಗೆ ಕರೆದೊಯ್ಯುತ್ತಿದ್ದೆ. ಕಾಲುವೆ ಸೇತುವೆಯ ಬುಡದಲ್ಲಿ ಕೆಂಪು ದೀಪ. ನೋವಿಗೆ ಹೆದರಿ ಗೇರು ಇಳಿಸದೆ ನಿಂತೆ. ಹಸಿರು ಬಂತು, ಸೈಕಲ್ ಮಿಸುಕಲಿಲ್ಲ. ಅವಳು ತನ್ನ ಸೈಕಲ್ ಒರಗಿಸಿ ಬಂದು ಹಿಂದಿನಿಂದ ತಳ್ಳಿದಳು.

“ಅಜ್ಜ, ಇನ್ಮೇಲೆ ಅಮ್ಮನ ಕಾರಲ್ಲೇ ಹೋಗೋಣ್ವಾ?”

ಹೆಬ್ಬೆರಳಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಅಂದೇ ಸಂಜೆ ಅಂಗಡಿಗೆ ಹೋದೆವು. ಅವಳು ನನ್ನ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಕರವಸ್ತ್ರದಿಂದ ಕಟ್ಟಿ, ಒಂದೊಂದೇ ಸೈಕಲ್ ಮೇಲೆ ನನ್ನನ್ನು ಕೂರಿಸಿದಳು. ಎಂಥ ಪರೀಕ್ಷಕಿ ನೋಡಿ! ಮೊದಲು ಹಿಡಿಯನ್ನೇ ತಿರುಗಿಸುವ ಗೇರು. ಒಂದೇ ತಿರುವಿಗೆ ನಾಲ್ಕೈದು ಗೇರು ದಾಟುತ್ತದೆ, ನನಗೆ ಮನಸ್ಸಾಗಿತ್ತು. ಆದರೆ ಹೆಬ್ಬೆರಳಿಲ್ಲದೆ ಬಿಗಿಹಿಡಿತವೇ ಇಲ್ಲ, ಕೈ ಜಾರಿತು. ಇಲ್ಲಿನ ಮಳೆಯಲ್ಲಿ, ಒದ್ದೆ ಗ್ಲೌಸಿನಲ್ಲಿ ಗತಿಯೇನು?

ಮತ್ತೊಂದರಲ್ಲಿ ಹಿಡಿಯ ತುದಿಗೆ ಕಿರುಬೆರಳಷ್ಟು ಉದ್ದದ ಸನ್ನೆ. ಒಂದು ಕಡೆಗೆ ಅಂಗೈಯಿಂದ ತಳ್ಳು, ಇನ್ನೊಂದು ಕಡೆಗೆ ಬೆರಳುಗಳಿಂದ ಎಳೆ, ಅಷ್ಟೇ. ಗೇರು ಕೂತಾಗ ‘ಟಕ್’ ಎನ್ನುತ್ತದೆ. ಕಟ್ಟಿದ ಹೆಬ್ಬೆರಳು ಸುಮ್ಮನೆ ಮಲಗಿತ್ತು.

ಮುಂದಿನ ಶನಿವಾರ ಅದೇ ಸೇತುವೆ, ಅದೇ ಕೆಂಪು ದೀಪ. ಬರುವಾಗಲೇ ಟಕ್, ಟಕ್, ಟಕ್. ಹಸಿರು ಬಂದಾಗ ಮೊಮ್ಮಗಳು ಬೂಟಿನ ಲೇಸು ಕಟ್ಟುತ್ತಿದ್ದಳು.

“ಅಜ್ಜ, ನಿಂತ್ಕೋ!” ಎಂದು ಕೂಗಿದಳು. ನಾನಾಗಲೇ ಸೇತುವೆಯ ನೆತ್ತಿಯಲ್ಲಿದ್ದೆ.