ಪಾದ್ರಿಯ ಪಾತ್ರ ಯಾರಿಗೂ ಬೇಡ

ಆಟ ಶುರುವಾಗುವ ಮೊದಲೇ ತಕರಾರು ಶುರುವಾಗುವ ಆಟವೊಂದಿದೆ. ಮೇಜಿನ ಸುತ್ತ ಐದಾರು ಜನ. ಎದುರಿಗೆ ಕಾಗದ, ಪೆನ್ಸಿಲು, ಬಣ್ಣಬಣ್ಣದ ದಾಳಗಳು. ‘ನಾನು ಯೋಧ’ ಎನ್ನುತ್ತಾನೆ ಒಬ್ಬ. ‘ನಾನೂ ಯೋಧನೇ’ ಎನ್ನುತ್ತಾನೆ ಪಕ್ಕದವನು. ಮೂರನೆಯವಳಿಗೆ ಮಂತ್ರವಿದ್ಯೆ ಬೇಕು. ನಾಲ್ಕನೆಯವನು ಕತ್ತಲಲ್ಲಿ ಬೀಗ ತೆರೆಯುವ ಕಳ್ಳ. ಆಮೇಲೆ ಎಲ್ಲರೂ ಐದನೆಯವನ ಮುಖ ನೋಡುತ್ತಾರೆ. ಏಟು ತಿಂದವರ ಗಾಯಕ್ಕೆ ಮದ್ದು ಹಾಕುವವರು ಯಾರು?

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಒಂದು ಪೆಟ್ಟಿಗೆಯೊಳಗೆ ಮೂರು ಕಿರುಪುಸ್ತಕ, ಮೊದಲ ಮುದ್ರಣ ಸಾವಿರ ಪ್ರತಿ. ಈ ಆಟಕ್ಕೆ ಮಣೆ ಬೇಕೇಬೇಕೆಂದಿಲ್ಲ. ಗೆದ್ದವರು ಸೋತವರು ಎಂಬುದೂ ಇಲ್ಲ. ಡಂಜನ್ ಮಾಸ್ಟರ್ ಎಂಬ ಒಬ್ಬ ಸೂತ್ರಧಾರ ಇರುತ್ತಾನೆ. ‘ಎದುರಿಗೆ ಹಾಳು ಕೋಟೆ. ಬಾಗಿಲ ಹಿಂದೆ ಏನೋ ಉಸಿರಾಡುತ್ತಿದೆ. ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಬಾಯಿಂದ ಉತ್ತರ ಹೇಳುತ್ತಾರೆ. ಬಾಗಿಲು ಮುರಿಯಿತೋ ಇಲ್ಲವೋ ಎಂಬಂಥ ಸಂಶಯ ಬಂದರೆ ದಾಳ ತೀರ್ಮಾನಿಸುತ್ತದೆ. ಈ ದಾಳಗಳ ವಿಷಯ ಸ್ವಾರಸ್ಯದ್ದು. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ಐದು ಘನಾಕೃತಿಗಳು, ಗ್ರೀಕರ ಕಾಲದಿಂದ ರೇಖಾಗಣಿತದವರಿಗೆ ಪರಿಚಿತವಾದವು. ಮೊದಮೊದಲು ಆಟದವರು ಇವನ್ನು ತರಿಸಿಕೊಂಡದ್ದು ಶಾಲೆಗಳಿಗೆ ಪಾಠೋಪಕರಣ ಮಾರುವ ಕಂಪನಿಯೊಂದರಿಂದ. ಗಣಿತದ ಮೇಷ್ಟ್ರುಗಳ ಕಪಾಟಿನಲ್ಲಿ ಧೂಳು ತಿನ್ನಬೇಕಾಗಿದ್ದವು ರಾಕ್ಷಸರನ್ನು ಕೊಲ್ಲುವ ಕೆಲಸಕ್ಕೆ ಬಂದವು.

1974ರಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಯೋಧ, ಮಾಂತ್ರಿಕ, ಪಾದ್ರಿ. ಪಾದ್ರಿ ಹುಟ್ಟಿದ ಕತೆಯನ್ನು ಹೇಳಲೇಬೇಕು. ಪುಸ್ತಕ ಅಚ್ಚಾಗುವುದಕ್ಕೂ ಮುಂಚೆ ಆರ್ನೆಸನ್ ಮಿನ್ನೆಸೋಟದಲ್ಲಿ ತನ್ನ ಗೆಳೆಯರ ಜೊತೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನ ಆಟ ಆಡಿಸುತ್ತಿದ್ದ. ಅದರಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ಪಿಶಾಚಿಯಾಗಿ, ಸರ್ ಫ್ಯಾಂಗ್ ಎಂಬ ಹೆಸರಿನಲ್ಲಿ ಮಿಕ್ಕವರಿಗೆಲ್ಲ ಮೀರಿ ಬೆಳೆದುಬಿಟ್ಟಿತು. ಅವನಿಗೆ ಅಂಕುಶ ಬೇಕಲ್ಲ? ಹಳೆಯ ಪಿಶಾಚಿ ಸಿನಿಮಾಗಳಲ್ಲಿ ಶಿಲುಬೆ ಹಿಡಿದು ಬರುವವರಂತೆ, ಸತ್ತೂ ಸಾಯದವರನ್ನು ದೇವರ ಹೆಸರಿನಲ್ಲಿ ಓಡಿಸಬಲ್ಲ ಪಾತ್ರವೊಂದನ್ನು ಹುಟ್ಟಿಸಿದರು. ಹಾಗೆ ತಕ್ಕಡಿ ಸರಿಮಾಡಲೆಂದೇ ಬಂದವನು ಈ ಪಾದ್ರಿ. ಕವಚ ತೊಡಬಹುದು, ಗದೆ ಹಿಡಿಯಬಹುದು, ಅಲಗಿರುವ ಆಯುಧ ಮಾತ್ರ ಮುಟ್ಟುವಂತಿಲ್ಲ. ಜೊತೆಗೆ ಗಾಯ ಮಾಯಿಸುವ ಮಂತ್ರಗಳೂ ಅವನ ಪಾಲಿಗೆ ಬಂದವು. ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು. ಪಿಶಾಚಿ ಓಡಿಸಲು ಬಂದವನು ಕ್ರಮೇಣ ತಂಡದ ಕಾಂಪೌಂಡರ್ ಆದ.

ಕಳ್ಳ ಬಂದದ್ದು 1975ರಲ್ಲಿ, ‘ಗ್ರೇಹಾಕ್’ ಎಂಬ ಅನುಬಂಧ ಪುಸ್ತಕದೊಡನೆ. ಬೀಗ ತೆರೆಯಲು ಶೇಕಡಾ ಇಷ್ಟು, ಸದ್ದಿಲ್ಲದೆ ನಡೆಯಲು ಶೇಕಡಾ ಇಷ್ಟು ಎಂದು ಅವನಿಗೆ ಪಟ್ಟಿ ಬರೆದರು. ಇದರಿಂದ ಒಂದು ವಿಚಿತ್ರವಾಯಿತು. ಅಲ್ಲಿಯವರೆಗೆ ಯೋಧನೂ ಕಾಲ್ತುದಿಯಲ್ಲಿ ನಡೆಯುತ್ತಿದ್ದ, ಪಾದ್ರಿಯೂ ನೆಲವನ್ನು ಕೋಲಿನಿಂದ ತಟ್ಟಿ ಹಳ್ಳ ಇದೆಯೇ ಎಂದು ನೋಡುತ್ತಿದ್ದ. ಕಳ್ಳನ ಹೆಸರಿನಲ್ಲಿ ಆ ಕೆಲಸ ದಾಖಲಾದ ಮೇಲೆ ‘ಅದು ನಮ್ಮ ಇಲಾಖೆಯಲ್ಲ’ ಎನ್ನುವ ಭಾವನೆ ಉಳಿದವರಿಗೆ ಬಂತು. ಸರ್ಕಾರಿ ಕಚೇರಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಗುಮಾಸ್ತ ಬಂದ ದಿನದಿಂದಲೇ ಅವನು ರಜೆ ಹಾಕಿದ ದಿನ ಕೆಲಸ ನಿಲ್ಲತೊಡಗುತ್ತದೆ.

ಮಾಂತ್ರಿಕನದು ಇನ್ನೊಂದು ಬಗೆಯ ಲೆಕ್ಕ. ಹಳೆಯ ನಿಯಮದಲ್ಲಿ ಅವನಿಗೆ ಮೊದಲ ಹಂತದಲ್ಲಿ ದಿನಕ್ಕೆ ಒಂದೇ ಮಂತ್ರ. ಹೇಳಿದ ಕೂಡಲೇ ಅದು ಮರೆತುಹೋಗುತ್ತದೆ. ಮೈಮೇಲೆ ಕವಚವಿಲ್ಲ, ಕೈಯಲ್ಲಿ ಒಂದು ಚೂರಿ. ಐದನೆಯ ಹಂತ ತಲುಪಿದನೆಂದರೆ ಬೆಂಕಿಯುಂಡೆ ಎಸೆಯುತ್ತಾನೆ. ಆರು ಮುಖದ ದಾಳ ಐದು, ಸರಾಸರಿ ಹದಿನೇಳೂವರೆ, ಅದೂ ಆ ವೃತ್ತದೊಳಗೆ ಸಿಕ್ಕವರಿಗೆಲ್ಲ. ಒಳ್ಳೆಯ ಅದೃಷ್ಟವಿದ್ದವನೂ ಅರ್ಧ ಸುಟ್ಟುಕೊಂಡೇ ಹೊರಬರುತ್ತಾನೆ. ಅದೇ ಹೊತ್ತಿಗೆ ಯೋಧನ ಕತ್ತಿಗೆ ಎಂಟು ಮುಖದ ದಾಳ ಒಂದು, ಸರಾಸರಿ ನಾಲ್ಕೂವರೆ, ಅದೂ ಒಬ್ಬನಿಗೆ. ಗ್ರಾಫ್ ಹಾಳೆಯ ಮೇಲೆ ಬರೆದರೆ ಯೋಧನದು ಸರಳರೇಖೆ, ಮಾಂತ್ರಿಕನದು ಮೇಲಕ್ಕೆ ಬಾಗುವ ವಕ್ರರೇಖೆ. ಎಲ್ಲೋ ಒಂದು ಕಡೆ ಎರಡೂ ಕೂಡುತ್ತವೆ. ಆಟ ವರ್ಷಗಟ್ಟಲೆ ನಡೆದರೆ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಯಿತು ಎನ್ನಬಹುದು. ಆದರೆ ಎಷ್ಟೋ ಮೇಜುಗಳ ಆಟ ನಾಲ್ಕಾರು ತಿಂಗಳಿಗೆ ನಿಂತುಹೋಗುತ್ತದೆ. ಒಬ್ಬರಿಗೆ ವರ್ಗ, ಒಬ್ಬರಿಗೆ ಮಗು, ಒಬ್ಬರಿಗೆ ಬೇಸರ. ಆಗ ಮಾಂತ್ರಿಕನಾದವನು ಕಂತು ಕಟ್ಟಿ ಸೈಟು ಸಿಗದವನಂತೆ ಎದ್ದು ಹೋಗಬೇಕು.

ನಿಯಮ ಬರೆಯುವವರಿಗೆ ಇದೆಲ್ಲ ಗೊತ್ತಿಲ್ಲದೆ ಇಲ್ಲ. 2000ದ ಮೂರನೆಯ ಆವೃತ್ತಿಯಲ್ಲಿ ಪಾದ್ರಿಗೆ ಒಂದು ಸವಲತ್ತು ಕೊಟ್ಟರು. ಬೆಳಿಗ್ಗೆ ತನಗೆ ಇಷ್ಟವಾದ ಮಂತ್ರ ಸಿದ್ಧಮಾಡಿಕೊಂಡಿರಬಹುದು, ಗಾಯಾಳು ಎದುರಾದರೆ ಅದನ್ನು ಬಿಟ್ಟುಕೊಟ್ಟು ಚಿಕಿತ್ಸೆಯ ಮಂತ್ರ ಹೇಳಬಹುದು. 2008ರ ನಾಲ್ಕನೆಯ ಆವೃತ್ತಿ ಮುಚ್ಚುಮರೆಯಿಲ್ಲದೆ ನಾಲ್ಕು ಕೆಲಸ ಹಂಚಿತು: ಏಟು ತಡೆಯುವವ, ಏಟು ಹಾಕುವವ, ಜೊತೆಯವರನ್ನು ಹುರಿದುಂಬಿಸಿ ನಿಲ್ಲಿಸುವವ, ರಣರಂಗವನ್ನೇ ಹತೋಟಿಯಲ್ಲಿಡುವವ. ಪಾದ್ರಿಗೆ ಒಂದೇ ಸರದಿಯಲ್ಲಿ ಗದೆಯನ್ನೂ ಬೀಸಿ ಗಾಯವನ್ನೂ ಮಾಯಿಸಲು ಅವಕಾಶವಾಯಿತು. 2014ರ ಐದನೆಯ ಆವೃತ್ತಿಯಲ್ಲಿ ತುಸು ಹೊತ್ತು ವಿಶ್ರಾಂತಿ ಪಡೆದು ಎಲ್ಲರೂ ತಮ್ಮಷ್ಟಕ್ಕೆ ತಾವೇ ಸುಧಾರಿಸಿಕೊಳ್ಳಬಹುದು. ಎಲ್ಲವೂ ಒಳ್ಳೆಯ ತಿದ್ದುಪಡಿಗಳೇ. ಆದರೂ ಮೇಜಿನ ಸುತ್ತ ಆ ಮೌನ, ಐದನೆಯವನ ಮುಖ ನೋಡುವ ಆ ನೋಟ, ಇನ್ನೂ ಪೂರ್ತಿ ಹೋಗಿಲ್ಲ. ಕೊರತೆ ಇರುವುದು ಲೆಕ್ಕದಲ್ಲಿ ಎಂದುಕೊಂಡರೆ ಲೆಕ್ಕವನ್ನಷ್ಟೇ ತಿದ್ದುತ್ತಾ ಇರಬೇಕಾಗುತ್ತದೆ.

ಶಿರಸಿ ಕಡೆಯ ಒಬ್ಬ ಹುಡುಗನ ಅನುಭವ ಇಲ್ಲಿ ನೆನೆಯಬೇಕಾದ್ದು. ಮಿನಿಯಾಪೊಲಿಸ್‌ನಲ್ಲಿ ಕಂಪ್ಯೂಟರ್ ಕೆಲಸ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ಚಳಿಗಾಲ. ಜೊತೆಯ ಕೆಲಸದವರು ಶನಿವಾರದ ಆಟಕ್ಕೆ ಕರೆದರು. ಹೋದ. ಅವರಾಗಲೇ ಐವರಿದ್ದರು, ಪಾದ್ರಿ ಒಬ್ಬನಿರಲಿಲ್ಲ. ತಡವಾಗಿ ಬಂದವನಿಗೆ ಉಳಿದ ಪಾತ್ರ. ಬೇಡ ಎನ್ನಲು ಸಂಕೋಚ. ಮೂರು ತಿಂಗಳು ಪ್ರತಿ ಶನಿವಾರ ಅವನು ತನ್ನ ಸರದಿ ಬಂದಾಗಲೆಲ್ಲ ‘ಇವನ ಗಾಯ ಮಾಯಿಸುತ್ತೇನೆ’ ಎಂದು ಹೇಳಿ ದಾಳ ಉರುಳಿಸಿದ. ಆರು ಬಂತು, ನಾಲ್ಕು ಬಂತು. ಥ್ಯಾಂಕ್ಸ್ ಎಂದರು. ಒಂದು ರಾತ್ರಿ ಹಿಮದಲ್ಲಿ ಮನೆಗೆ ನಡೆದು ಬರುವಾಗ, ಇಡೀ ಸಂಜೆ ತಾನು ಅಂಕಿಗಳ ಹೊರತು ಬೇರೇನೂ ಮಾತಾಡಿಲ್ಲ ಎಂಬುದು ಹೊಳೆಯಿತು. ಆ ಊರಿನಲ್ಲಿ ಅವನಿಗೆ ಮಾತಿಗೆ ಬೇರೆ ಜಾಗವೂ ಇರಲಿಲ್ಲ. ಮುಂದಿನ ವಾರದಿಂದ ಬರುವುದಿಲ್ಲ ಎಂದು ಹೇಳಿಬಿಡುವ ಯೋಚನೆ ಬಂತು.

ಈ ಹುಡುಗನ ಚಿಕ್ಕಪ್ಪ ಊರಿನಲ್ಲಿ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಕುಳಿತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದ ಮಾತನಾಡಬೇಕು. ಅಲ್ಲಿಯೂ ಪಾತ್ರ ಹಂಚುವ ಪಂಚಾಯಿತಿ ಇದ್ದೇ ಇದೆ. ‘ಕರ್ಣಪರ್ವ’ವೆಂದರೆ ಕರ್ಣನಿಗೆ ಪೈಪೋಟಿ. ಶಲ್ಯ ಯಾರಿಗೆ ಬೇಕು? ರಾಜನಾಗಿದ್ದೂ ಇನ್ನೊಬ್ಬನ ಕುದುರೆ ಹೊಡೆಯಲು ಕುಳಿತವನು. ಹುಡುಗ ಫೋನಿನಲ್ಲಿ ತನ್ನ ಕಷ್ಟ ಹೇಳಿಕೊಂಡಾಗ ಚಿಕ್ಕಪ್ಪನಿಗೆ ದಾಳದ ಲೆಕ್ಕ ಎಷ್ಟು ಅರ್ಥವಾಯಿತೋ, ಪಾತ್ರದ ಕಷ್ಟ ಮಾತ್ರ ಪೂರ್ತಿ ಅರ್ಥವಾಯಿತು. ‘ತಮಾ, ಶಲ್ಯ ಸಾರಥಿ ಹೌದು, ಆಳಲ್ಲ’ ಎಂದರಂತೆ. ರಥ ಹೊಡೆಯುವವನು ಬಾಯಿ ಬಿಟ್ಟರೆ ಕರ್ಣ ಉತ್ತರ ಕೊಡಲೇಬೇಕು.

ಮುಂದಿನ ಶನಿವಾರ ಹುಡುಗ ಹೋದ. ನಿಯಮ ಒಂದನ್ನೂ ಬದಲಿಸಲಿಲ್ಲ. ತನ್ನ ಪಾದ್ರಿ ಹಿಂದೆ ದೋಣಿ ನಡೆಸುತ್ತಿದ್ದವನು, ನದಿಯೇ ಅವನ ದೇವರು ಎಂದ. ನದಿಗೆ ಸುಂಕ ಕೊಡದೆ ದಾಟುವಂತಿಲ್ಲ. ಹಾಗೆಯೇ ಗಾಯ ಮಾಯಬೇಕಾದರೆ ಗಾಯಾಳು ಅವನಿಗೆ ಒಂದು ನಿಜ ಹೇಳಬೇಕು, ಈವರೆಗೆ ಯಾರಿಗೂ ಹೇಳದ ನಿಜ. ಮೊದಲು ನಕ್ಕರು. ಒಂದು ಗಂಟೆಯೊಳಗೆ ಯೋಧ ರಕ್ತ ಸುರಿಸುತ್ತ ಬಿದ್ದ. ಪಾದ್ರಿ ಕೈ ನೀಡದೆ ಕಾಯುತ್ತಾ ಕುಳಿತ. ಮೇಜು ನಿಶ್ಶಬ್ದವಾಯಿತು. ಎಲ್ಲರಿಗಿಂತ ಹೆಚ್ಚು ಅಬ್ಬರಿಸುತ್ತಿದ್ದ ಆ ಯೋಧನ ಆಟಗಾರ ಸ್ವಲ್ಪ ಯೋಚಿಸಿ, ತಾನು ಹಿಂದೊಂದು ಯುದ್ಧದಿಂದ ತಮ್ಮನನ್ನು ಬಿಟ್ಟು ಓಡಿಬಂದವನು ಎಂದು ಹೇಳಿದ. ಆ ಮಾತು ಆ ಗಳಿಗೆಯವರೆಗೆ ಅವನ ಕಾಗದದಲ್ಲಿ ಇರಲಿಲ್ಲ. ಸೂತ್ರಧಾರ ಪೆನ್ಸಿಲು ತೆಗೆದು ಬರೆದುಕೊಂಡ. ಮುಂದಿನ ನಾಲ್ಕು ವಾರ ತಂಡ ಹಾಳು ಕೋಟೆ ಬಿಟ್ಟು ಆ ತಮ್ಮನನ್ನು ಹುಡುಕಿಕೊಂಡು ಅಲೆಯಿತು.

ಭೌತಶಾಸ್ತ್ರದ ಪುಸ್ತಕದಲ್ಲಿ ಸನ್ನೆಯ ಪಾಠವಿದೆ. ಹಗುರ ತೂಕವನ್ನು ಆಧಾರಬಿಂದುವಿನಿಂದ ದೂರ ಇಟ್ಟರೆ ಭಾರದ ತೂಕವನ್ನು ಎತ್ತುತ್ತದೆ. ಎಲ್ಲರಿಗೂ ಸಮತೂಕದ ಬಲ ಕೊಡಬೇಕೆಂದು ಹೊರಟವರು ತಕ್ಕಡಿಯನ್ನಷ್ಟೇ ನೋಡಿದರು, ತೋಳಿನ ಉದ್ದ ನೋಡಲಿಲ್ಲ. ಕೆಲಸದ ಹಂಚಿಕೆ ಸರಿಯಿದ್ದು ಕಲ್ಪನೆಗಳು ಹೊಂದದ ತಂಡ ಎಷ್ಟೋ ಇವೆ. ಐವರೂ ಒಂಟಿ ತೋಳಗಳು, ಐವರ ತಂದೆತಾಯಿಯೂ ಬಾಲ್ಯದಲ್ಲೇ ಸತ್ತಿದ್ದಾರೆ, ಐವರೂ ಹೆಂಡದಂಗಡಿಯ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕುಳಿತಿದ್ದಾರೆ. ಅಂಗಡಿಗೆ ಇರುವುದು ನಾಲ್ಕೇ ಮೂಲೆ! ಇನ್ನೊಂದು ಕಡೆ ಐವರೂ ಕಳ್ಳರೇ ಇರುವ ತಂಡ ಸೊಗಸಾಗಿ ನಡೆಯಬಲ್ಲದು. ಒಬ್ಬನಿಗೆ ಹಸಿವು, ಒಬ್ಬನಿಗೆ ಸೇಡು, ಒಬ್ಬಳಿಗೆ ತಾನು ಹುಟ್ಟಿದ ಮನೆಯ ಬೀಗ ತೆರೆಯುವ ಆಸೆ. ಗಾಯ ಮಾಯಿಸುವವರಿಲ್ಲದಿದ್ದರೆ ಗಾಯಕ್ಕೆ ಹೆದರಿ ನಡೆಯುತ್ತಾರೆ, ಅಷ್ಟೇ. ತರಗತಿ ನೋಡದೆ ಪ್ರಶ್ನೆಪತ್ರಿಕೆ ತಯಾರಿಸುವವರು ಇರುವ ಹಾಗೆ, ತಂಡ ನೋಡದೆ ಕೋಟೆ ಕಟ್ಟುವ ಸೂತ್ರಧಾರರೂ ಇದ್ದಾರೆ. ‘ಪಾದ್ರಿ ಇಲ್ಲದೆ ಆಗುವುದಿಲ್ಲ’ ಎನ್ನುವವರು ಹೆಚ್ಚಾಗಿ ಅವರೇ.

ಮಿನಿಯಾಪೊಲಿಸ್‌ನ ಆ ಆಟ ಮುಗಿಯಿತು, ತಮ್ಮ ಸಿಕ್ಕಿದ. ಹೊಸ ಆಟಕ್ಕೆ ಪಾತ್ರ ಹಂಚಲು ಕುಳಿತಾಗ ಆ ಯೋಧನ ಆಟಗಾರ ಎಲ್ಲರಿಗಿಂತ ಮುಂಚೆ ‘ಈ ಸಲ ಪಾದ್ರಿ ನಾನು’ ಎಂದ. ಮಾಂತ್ರಿಕಳಾಗಿದ್ದವಳು ತನಗೂ ಅದೇ ಬೇಕೆಂದಳು. ಶಿರಸಿಯ ಹುಡುಗನೂ ಬಿಟ್ಟುಕೊಡಲು ತಯಾರಿರಲಿಲ್ಲ. ಮುಂದೆ ನಿಂತು ಏಟು ತಿನ್ನುವವರು ಯಾರು ಎಂಬುದು ಈಗ ಅಲ್ಲಿಯ ತಕರಾರು.