ಕರ್ಮಪದವಿಲ್ಲದ ಸ್ವಿಚ್ಚು

ತಾನು ವಾಸಿಸುವ ಮನೆ ತನಗೆ ಸಂಪೂರ್ಣವಾಗಿ ಪರಿಚಿತವೆಂಬ ನಂಬಿಕೆ ಎಲ್ಲ ಗೃಹಸ್ಥರಲ್ಲಿಯೂ ಇರುವಂಥದು. ದಿನಕ್ಕೆ ಹತ್ತು ಸಲ ಕೈ ತಾಗುವ ಗೋಡೆಯಲ್ಲಿಯೂ ಅರ್ಥವಾಗದ ಪದವೊಂದು ಉಳಿದಿರಬಹುದೆಂಬುದು ಡೊಂಬಿವಲಿಯ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರಿಗೆ ಮನವರಿಕೆಯಾದದ್ದು ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ.

ಪತ್ನಿಯ ವರ್ಷಾಂತಿಕ ಮುಗಿದ ಮೇಲೆ ಮನೆಯ ಹಳೆಯ ವೈರಿಂಗನ್ನು ಬದಲಿಸಬೇಕೆಂದು ಮಗಳು ಹಟ ಹಿಡಿದಳು. 1984ರಲ್ಲಿ ಕೊಂಡ ಮನೆ. ಅಡುಗೆಮನೆಯ ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಅಂದಿನವೇ ಆದ ಐದು ಕಪ್ಪು ಸ್ವಿಚ್ಚುಗಳು. ದೀಪ, ಫ್ಯಾನು, ಮಿಕ್ಸರಿನ ಪ್ಲಗ್ಗು, ಬಚ್ಚಲ ದೀಪ - ಹೀಗೆ ನಾಲ್ಕರ ಕೆಲಸ ಗೊತ್ತಿತ್ತು. ಐದನೆಯದರ ಮೇಲೆ ಗಾಯಕ್ಕೆ ಹಚ್ಚುವ ಬಿಳಿಯ ಅಂಟುಪಟ್ಟಿ ಅಡ್ಡಲಾಗಿ ಕುಳಿತಿತ್ತು. ಅದನ್ನು ಅಂಟಿಸಿದವರು ಪತ್ನಿ. ಏಕೆಂದು ಮೇಷ್ಟ್ರು ಕೇಳಿರಲಿಲ್ಲ. ಅಡುಗೆಮನೆಯ ವ್ಯವಹಾರಗಳಲ್ಲಿ ಅವರು ಕೇಳದೆ ಬಿಟ್ಟ ಪ್ರಶ್ನೆಗಳು ಬಹಳ.

"ಮಾಸ್ತರ್, ಇದು ಯಾವುದರದು? ಬೇಡವಾದರೆ ಕತ್ತರಿಸಿಬಿಡುತ್ತೇನೆ" ಎಂದು ವೈರ್‌ಮನ್ ಕೇಳಿದ. ಉತ್ತರ ಹೊಳೆಯದೆ ಮೇಷ್ಟ್ರು, "ಎರಡು ದಿನ ತಡೆಯಪ್ಪ" ಎಂದರು.

ರಾತ್ರಿ ಶಾಲೆಯ ಹುಡುಗರಿಗೆ ಅವರು ವಾಕ್ಯಾರ್ಥವನ್ನು ವಿವರಿಸುತ್ತಿದ್ದ ಕ್ರಮವೊಂದಿತ್ತು. ಪದಗಳು ಕೂಡಿ ಅರ್ಥ ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂಬುದು ಶಾಸ್ತ್ರಕಾರರ ಮಾತು. 'ಬೆಳಗಿಸು' ಎಂದೊಡನೆ 'ಏನನ್ನು?' ಎಂಬ ಪ್ರಶ್ನೆ ಏಳುವುದೇ ಆಕಾಂಕ್ಷೆ. ಈಗ ಗೋಡೆಯ ಮೇಲೆ ಕರ್ಮಪದವಿಲ್ಲದ ಒಂದು ಕ್ರಿಯಾಪದ ಅವರೆದುರಿಗೆ ನಿಂತಿತ್ತು.

ಮೊದಲು ಸನ್ನಿಧಿಯ ಪರಿಶೀಲನೆ ನಡೆಯಿತು. ಅಂಟುಪಟ್ಟಿ ಕಿತ್ತು ಸ್ವಿಚ್ಚು ಒತ್ತಿ, ಮನೆಯ ಪ್ರತಿಯೊಂದು ದೀಪ, ಪ್ಲಗ್ಗುಗಳನ್ನು ಮಗಳು ನೋಡಿ ಬಂದಳು. ಅಟ್ಟವನ್ನೂ ಬಿಡಲಿಲ್ಲ. ಎಲ್ಲಿಯೂ ಬದಲಾವಣೆಯಿಲ್ಲ. ವೈರ್‌ಮನ್ ಟೆಸ್ಟರ್ ಇಟ್ಟಾಗ ಸ್ವಿಚ್ಚಿನಿಂದ ಹೊರಡುವ ತಂತಿಯಲ್ಲಿ ಅದರ ಪುಟ್ಟ ನಿಯಾನ್ ದೀಪ ಕೆಂಪಗೆ ಮಿನುಗಿತು. ಆದರೆ ಟೆಸ್ಟರು ಹೇಳುವುದು ಅರ್ಧ ಸತ್ಯವನ್ನು ಮಾತ್ರ. ತಂತಿಗೆ ವಿದ್ಯುತ್ತು ಬಂದಿದೆಯೆಂದು ಅದು ಸಾರುತ್ತದೆ. ಆ ವಿದ್ಯುತ್ತು ಯಾವುದಾದರೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಾರುವುದಿಲ್ಲ. ಗೋಡೆಯೊಳಗೆ ತುಂಡಾಗಿ ನಿಂತ ತಂತಿಯಲ್ಲಿಯೂ ಅದು ಹಾಗೆಯೇ ಮಿನುಗುತ್ತದೆ.

ಕೆಲಸದ ಸಾಕ್ಷ್ಯವಿರುವುದು ಮೀಟರಿನಲ್ಲಿ. ಹಿಂದಿನ ಮೀಟರುಗಳಲ್ಲಿ ಅಲ್ಯೂಮಿನಿಯಮ್ ಬಿಲ್ಲೆ ತಿರುಗುತ್ತಿತ್ತು. ಈಗಿನದರಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತದೆ. ಇವರ ಮೀಟರಿನ ಮುಖದ ಮೇಲೆ ಯೂನಿಟ್ಟೊಂದಕ್ಕೆ 3200 ಮಿಣುಕು ಎಂದು ಅಚ್ಚಾಗಿತ್ತು. ಫ್ರಿಜ್ಜಿನ ಸಮೇತ ಮನೆಯ ಎಲ್ಲವನ್ನೂ ಆರಿಸಿ, ಐದನೆಯ ಸ್ವಿಚ್ಚೊಂದನ್ನೇ ಒತ್ತಿ, ಕೈಗಡಿಯಾರ ಹಿಡಿದು ಮೇಷ್ಟ್ರು ಕೆಳಗಿನ ಮೀಟರು ಕೋಣೆಯಲ್ಲಿ ಕುಳಿತರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮಿಣುಕು. 75 ಸೆಕೆಂಡುಗಳ ನಂತರ ಇನ್ನೊಂದು. ಮತ್ತೆ 75ಕ್ಕೆ ಮಗುದೊಂದು. ಮಗಳು ಮೇಲೆ ಸ್ವಿಚ್ಚು ಆರಿಸಿದೊಡನೆ ಚುಕ್ಕೆ ನಿಂತೇಹೋಯಿತು.

ಲೆಕ್ಕ ಸರಳವಾಗಿತ್ತು. ಗಂಟೆಗೆ 48 ಮಿಣುಕು, ಎಂದರೆ 15 ವಾಟ್. ಫ್ಯಾನಿಗೆ ಅದು ಸಾಲದು, ಗೀಸರಿನ ಮಾತಂತೂ ಇಲ್ಲವೇ ಇಲ್ಲ. ಹೆಸರಿಗೆ 'ಝೀರೋ' ಎನಿಸಿಕೊಂಡರೂ ಹಳೆಯ ಕಾಲದ ಝೀರೋ ಬಲ್ಬು ವಾಸ್ತವವಾಗಿ ಹನ್ನೆರಡರಿಂದ ಹದಿನೈದು ವಾಟ್ ಉಣ್ಣುತ್ತಿತ್ತು. ಅಲ್ಲಿಗೆ ಯೋಗ್ಯತೆಯೂ ನಿರ್ಣಯವಾಯಿತು: ಎಲ್ಲಿಯೋ ಒಂದು ಝೀರೋ ಬಲ್ಬು ಉರಿಯುತ್ತಿದೆ.

"ಅಪ್ಪಾ, ಅಮ್ಮನ ಅಕ್ಕಿ ಡಬ್ಬಿಯ ಹಿಂದೆ ಎರಡು ಝೀರೋ ಬಲ್ಬು ಸಿಕ್ಕಿದ್ದವಲ್ಲ?" ಎಂದಳು ಮಗಳು. ಸಿಕ್ಕಿದ್ದವು, ಬಳಸದ ಹೊಸ ಬಲ್ಬುಗಳು. ಆದರೆ ಬೆಳಕಿದ್ದರೆ ಮೇಷ್ಟ್ರಿಗೆ ನಿದ್ರೆ ಬಾರದಾದ್ದರಿಂದ ಆ ಮನೆಯಲ್ಲಿ ಝೀರೋ ಬಲ್ಬು ಎಂದೂ ಉರಿದದ್ದಿಲ್ಲ.

ಆಗ ಅವರಿಗೆ ಒಂದು ಹಳೆಯ ರಾತ್ರಿ ನೆನಪಾಯಿತು. ಹಗಲು ಕಚೇರಿಯ ಗುಮಾಸ್ತಿಕೆ, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ - 2008ರವರೆಗೆ ಅವರ ಬದುಕು ಇದ್ದದ್ದು ಹೀಗೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ದಣಿದ ಹುಡುಗರಿಗೆ ಸಂಧಿ, ಸಮಾಸ ಹೇಳಿ, ಲೋಕಲ್ ಗಾಡಿ ಹಿಡಿದು ಮನೆ ಮುಟ್ಟುವಾಗ ಹನ್ನೊಂದು ದಾಟುತ್ತಿತ್ತು. ಕಟ್ಟಡದ ಮೆಟ್ಟಿಲುಗಳು ಕತ್ತಲೆ; ಎರಡನೆಯ ಮಹಡಿಯ ತಿರುವಿನಲ್ಲಿ ಮಾತ್ರ ಒಂದು ಮಂಕು ದೀಪವಿರುತ್ತಿತ್ತು. ಅದು ಸೊಸೈಟಿಯ ದೀಪವೆಂದು ಅವರು ನಂಬಿದ್ದರು. ಒಮ್ಮೆ ಮನೆಯ ಫ್ಯೂಸು ಹೋದ ರಾತ್ರಿ ಆ ತಿರುವೂ ಕತ್ತಲಾಗಿತ್ತು. ಕೆಳಗಿನ ಮನೆಗಳಲ್ಲಿ ದೀಪವಿದ್ದುದನ್ನು ಕಂಡೂ ಅವರಿಗೆ ಆ ಎರಡು ಕತ್ತಲೆಗಳ ಅನ್ವಯ ಹೊಳೆದಿರಲಿಲ್ಲ.

ಮುಸ್ಸಂಜೆಯಲ್ಲಿ, ಸೊಸೈಟಿಯ ಹೊಸ ಟ್ಯೂಬು ಹೊತ್ತಿಕೊಳ್ಳುವ ಮುನ್ನ, ಅವರು ಬಾಗಿಲು ತೆರೆದು ತಿರುವಿಗೆ ಇಳಿದರು. ಮೇಲಿನ ಮೆಟ್ಟಿಲ ಸಾಲಿನ ಅಡಿಯಲ್ಲಿ, ಜೇಡರ ಬಲೆಯ ಹಿಂದೆ, ಧೂಳು ಮೆತ್ತಿದ ಬಲ್ಬೊಂದು ಕೆಂಪಗೆ ಉರಿಯುತ್ತಿತ್ತು. ಅದರ ತಂತಿ ಗೋಡೆಯ ಬಣ್ಣದೊಳಗೆ ಹೂತು, ಇವರದೇ ಅಡುಗೆಮನೆಯ ಗವಾಕ್ಷಿಯನ್ನು ಹೊಕ್ಕಿತ್ತು. ಸನ್ನಿಧಿಯೆಂದರೆ ಹೊಸ್ತಿಲ ಒಳಗೆಂದು ತಿಳಿದದ್ದೇ ಅವರ ತಪ್ಪಾಗಿತ್ತು.

ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತುಕೊಂಡರು. ಸೊಸೈಟಿಯ ಒಂದು ವಾರ್ಷಿಕ ಸಭೆಯಲ್ಲಿ ಆ ದೀಪಕ್ಕಾಗಿ ಕಾರ್ಯದರ್ಶಿಯನ್ನು ಅವರು ಬಾಯ್ತುಂಬ ಹೊಗಳಿದ್ದರು. ಕಾರ್ಯದರ್ಶಿ ಸಂಕೋಚವಿಲ್ಲದೆ ಕೈಮುಗಿದಿದ್ದರು. ಮನೆಗೆ ಬಂದ ಮೇಲೆ ಪತ್ನಿ ಹೇಳಿದ್ದು ಇಷ್ಟೇ: "ಹೊಗಳಿದ್ದು ಒಳ್ಳೆಯದೇ ಆಯಿತು ಬಿಡಿ." ಅಂದು ಅದನ್ನು ಅವರು ವಾಚ್ಯಾರ್ಥದಲ್ಲಿಯೇ ಗ್ರಹಿಸಿದ್ದರು. ವ್ಯಂಗ್ಯಾರ್ಥದ ಮೇಲೆ ವರ್ಷಗಟ್ಟಲೆ ಪಾಠ ಹೇಳಿದವರು!

ಇನ್ನೊಂದು ನೆನಪು ಅಷ್ಟು ಹಗುರವಾಗಿರಲಿಲ್ಲ. ಬಿಲ್ಲು ಬಂದಾಗಲೆಲ್ಲ "ಏನನ್ನೋ ಉರಿಸಿಟ್ಟು ಮರೆಯುತ್ತೀ" ಎಂದು ಅವರು ಗದರುತ್ತಿದ್ದರು; ಆಕೆ ಎದುರಾಡುತ್ತಿರಲಿಲ್ಲ. ಸಂಜೆ ಏಳರಿಂದ ಐದು ಗಂಟೆಯ ಕಾಲ 15 ವಾಟ್ ಉರಿದರೆ ವರ್ಷಕ್ಕೆ ಸುಮಾರು 27 ಯೂನಿಟ್. ಇಪ್ಪತ್ತು ವರ್ಷವೆಂದು ಹಿಡಿದರೂ 550ರ ಹತ್ತಿರ. ನಡುನಡುವೆ ಸುಟ್ಟುಹೋದ ಬಲ್ಬುಗಳನ್ನು, ಮಂಡಿನೋವಿನ ಆ ಹೆಂಗಸು ಸ್ಟೂಲು ಹತ್ತಿ ಬದಲಿಸುತ್ತಿದ್ದಿರಬೇಕು. ಅವರು ನಿವೃತ್ತರಾದ ಮೇಲೆ ಕೆಲಸವಿಲ್ಲದ ಸ್ವಿಚ್ಚಿಗೆ ಅಂಟುಪಟ್ಟಿ ಬಿತ್ತು. ಮಿತವ್ಯಯ ಆಕೆಯ ಸ್ವಭಾವವೇ ಆಗಿತ್ತು.

ಮರುದಿನ ವೈರ್‌ಮನ್ ಬಂದು ತಂತಿಯನ್ನು ಪರೀಕ್ಷಿಸಿದ. ಹೊದಿಕೆ ಒಣಗಿ ಬೆರಳಿಗೆ ಪುಡಿಯಾಗುತ್ತಿತ್ತು. "ಇದನ್ನು ಇಡುವುದು ಅಪಾಯ" ಎಂದ. ಮೇಷ್ಟ್ರು ಒಪ್ಪಿದರು. ಹಳೆಯದೆಂಬ ಕಾರಣಕ್ಕೆ ಅಪಪಾಠವನ್ನು ಉಳಿಸಿಕೊಳ್ಳುವ ಪಕ್ಷ ಅವರದಲ್ಲ. ಆದರೆ ಸೊಸೈಟಿಯ ಟ್ಯೂಬು ಟೈಮರಿನ ಪ್ರಕಾರ ಹನ್ನೊಂದಕ್ಕೆ ಆರಿಹೋಗುತ್ತದೆ. ಮೇಲಿನ ಮಹಡಿಯ ಬಾಡಿಗೆಯ ಹುಡುಗ ಎರಡನೆಯ ಪಾಳಿ ಮುಗಿಸಿ ಬರುವುದು ಅದಕ್ಕೂ ತಡವಾಗಿ. ಸೊಸೈಟಿಯವರನ್ನು ಕೇಳಿ ಒಪ್ಪಿಗೆ ಪಡೆದು, ಕೊಳವೆಯೊಳಗೆ ಹೊಸ ತಂತಿ ಎಳೆಸಿ, ಅರ್ಧ ವಾಟಿನ ಎಲ್‌ಇಡಿ ದೀಪವನ್ನು ಅದೇ ಜಾಗದಲ್ಲಿ ಹಾಕಿಸಿದರು.

ಹೊಸ ಬಿಳಿಯ ಹಲಗೆಯಲ್ಲಿ ಐದು ಸ್ವಿಚ್ಚುಗಳು ಸಾಲಾಗಿ ಕುಳಿತವು. ಮಗಳು ಊರಿಗೆ ಹೊರಡುವ ಮುನ್ನ ಒಂದು ಚೀಟಿ ಕತ್ತರಿಸಿ ಕೊಟ್ಟಳು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ 'ಮೆಟ್ಟಿಲ ದೀಪ' ಎಂದು ಬರೆದು, ಐದನೆಯದರ ಕೆಳಗೆ ಅಂಟಿಸಿದರು. ಅಂದು ಸಂಜೆ ಏಳಕ್ಕೆ ಅದನ್ನು ತಾವೇ ಒತ್ತಿದರು.